5 ಅಡಿ ವೈರಿಗೆ 18,000 ರೂಪಾಯಿ!

ಉತ್ತರ ಮೊದಲೇ ಹೇಳಿಬಿಡ್ತೀನಿ. ಮೊಬೈಲಲ್ಲಿ ಓದೋರಿಗೆ ಕೊನೇವರೆಗೆ ಕಾಯಿಸಬಾರದು. ದುಬಾರಿ ಆಡಿಯೋ ಕೇಬಲ್ ಹಾಕಿದರೆ ಸೌಂಡು ಸುಧಾರಿಸುತ್ತಾ? ಇಲ್ಲ. ಸರಿಯಾದ ದಪ್ಪದ, ನಿಜವಾದ ತಾಮ್ರದ, ತುದಿಯಲ್ಲಿ ಗಟ್ಟಿಯಾಗಿ ಬೆಸುಗೆ ಹಾಕಿದ ಸಾಮಾನ್ಯ ವೈರು ಇದ್ದರೆ ಮುಗಿಯಿತು. ಅದರ 10 ಪಟ್ಟು, 100 ಪಟ್ಟು ಬೆಲೆಯ ವೈರು ತಂದು ಚುಚ್ಚಿದರೆ ಹಗುರ ಆಗೋದು ನಿಮ್ಮ ಜೇಬು ಮಾತ್ರ.

ಇದೆಲ್ಲ ಬೆಂಗಳೂರಿನ ದುಡ್ಡಿರೋರ ಶೋಕಿ, ನಮಗ್ಯಾಕೆ ಅಂತೀರಾ? ಅದು ಹಳೇ ಮಾತು. ಈಗ ಪ್ರತಿ ಊರಲ್ಲೂ ಸಮುದಾಯ ಭವನ ಆಗಿದೆ, ಭಜನೆ ಮಂಡಳಿಗೆ ಸ್ವಂತ ಮೈಕ್ ಸೆಟ್ ಬೇಕಾಗಿದೆ, ಹಳೇ ವಿದ್ಯಾರ್ಥಿಗಳು ಸೇರಿ ಶಾಲೆಗೆ ಸ್ಪೀಕರ್ ಕೊಡಿಸ್ತಿದ್ದಾರೆ. ಎಲ್ಲಿ ಹತ್ತು ಜನರ ದುಡ್ಡು ಒಂದು ಕಡೆ ಸೇರುತ್ತೋ ಅಲ್ಲಿಗೆ ಮಾರೋನು ಬಂದೇ ಬರ್ತಾನೆ. ಸ್ವಂತ ದುಡ್ಡಾದರೆ ಚೌಕಾಶಿ ಮಾಡೋ ನಾವು, ದೇವರ ದುಡ್ಡು ಅಂದಾಗ "ಒಳ್ಳೇದೇ ಹಾಕ್ಸಿ ಬಿಡಿ" ಅಂತೀವಿ. ಅಲ್ಲೇ ಇರೋದು ತೊಂದರೆ.

ನಮ್ಮ ಕಡೆ ಪೌರಾಣಿಕ ನಾಟಕದ ಹುಚ್ಚು ಎಷ್ಟು ಅಂತ ತುಮಕೂರು, ಹಾಸನ, ಮಂಡ್ಯದ ಓದುಗರಿಗೆ ಹೇಳಬೇಕಾಗಿಲ್ಲ. ಕುರುಕ್ಷೇತ್ರ ಆಡ್ತೀವಿ ಅಂದರೆ ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನಿಗೆ ಇಷ್ಟು ಅಂತ ಪಾತ್ರಧಾರಿಗಳೇ ಕೈಯಿಂದ ದುಡ್ಡು ಹಾಕಬೇಕು. ಅಡಿಕೆ ಮಾರಿದ ದುಡ್ಡು, ಹಾಲಿನ ಡೈರಿಯ ಬಟವಾಡೆ, ಕೆಲವರದು ಸಂಘದ ಸಾಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ಕಂದಪದ್ಯ ಕಲಿಸ್ತಾರೆ. ಹೀಗೆ ಸೇರಿಸಿದ ದುಡ್ಡಲ್ಲಿ ಉಳಿದದ್ದನ್ನು ಇಟ್ಟುಕೊಂಡು ನಮ್ಮೂರ ಮಂಡಳಿ ಹೋದ ವರ್ಷ ಸ್ವಂತ ಸೌಂಡ್ ಸಿಸ್ಟಮ್ ತಗೊಳ್ಳೋಣ ಅಂತ ಹೊರಟಿತು. ಪಟ್ಟಣದ ಒಂದು ಅಂಗಡಿಯಿಂದ ಕೊಟೇಷನ್ ಬಂತು. ಆಂಪ್ಲಿಫೈಯರ್, ಮಿಕ್ಸರ್, ಸ್ಪೀಕರ್ ಎಲ್ಲ ಸರಿ. ಕೆಳಗೆ ಕೇಬಲ್‌ಗಳದ್ದೇ ಒಂದು ಪಟ್ಟಿ, ಒಟ್ಟು 46,000 ರೂಪಾಯಿ. ಅದರಲ್ಲಿ ಒಂದೇ ಒಂದು ಪವರ್ ಕೇಬಲ್, ಅಂದರೆ ಗೋಡೆಯ ಪ್ಲಗ್ಗಿನಿಂದ ಆಂಪ್ಲಿಫೈಯರ್‌ಗೆ ಹೋಗೋ 5 ಅಡಿ ವೈರು, 18,000. ಹಾವಿನ ಪೊರೆಯಂಥ ಬಲೆಯ ಹೊದಿಕೆ, ಚಿನ್ನದ ಬಣ್ಣದ ತುದಿ, ಇಡೋದಕ್ಕೆ ಮಖಮಲ್ಲಿನ ಚೀಲ.

ಅದೇ ಸಭೆಯಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ಮೈಕ್ ನೋಡಿಕೊಳ್ಳೋ ಹುಡುಗ 3,000 ಕೇಳಿದ್ದ. ಅದನ್ನ 2,500ಕ್ಕೆ ಇಳಿಸಲು ಅರ್ಧ ಗಂಟೆ ವಾದ ನಡೆಯಿತು. ನನಗೆ ಈ ಲೇಖನ ಬರೆಯೋ ಸಿಟ್ಟು ಬಂದಿದ್ದು ಕೇಬಲ್ಲಿನ ಬೆಲೆ ನೋಡಿ ಅಲ್ಲ, ಈ 500 ರೂಪಾಯಿ ನೋಡಿ.

ಮೊದಲು ಆ 5 ಅಡಿಯ ಮಹಾತ್ಮೆ ನೋಡೋಣ. "ಕರೆಂಟಿನ ಕೊಳೆ ತೆಗೆದು ಶುದ್ಧ ಮಾಡುತ್ತೆ, ಅದಕ್ಕೇ ಸೌಂಡು ತಿಳಿಯಾಗುತ್ತೆ" ಅನ್ನೋದು ಅಂಗಡಿಯವರ ಮಾತು. ನಿಮ್ಮ ಮನೆಗೆ ಕರೆಂಟ್ ಹೇಗೆ ಬರುತ್ತೆ ಅಂತ ನಿಮಗೇ ಗೊತ್ತು. ಎಲ್ಲೋ ದೂರದ ಸಬ್‌ಸ್ಟೇಷನ್ನಿಂದ ಹೊಲ, ಕೆರೆ ಏರಿ, ತೋಟ ದಾಟಿಕೊಂಡು 11 ಕೆ.ವಿ. ಲೈನು ಬರುತ್ತೆ. ಅದು ತಾಮ್ರ ಕೂಡ ಅಲ್ಲ. ಉಕ್ಕಿನ ಎಳೆಯ ಸುತ್ತ ಅಲ್ಯೂಮಿನಿಯಂ ಹೊಸೆದ ತಂತಿ. ಲೈನ್‌ಮ್ಯಾನ್‌ಗಳು ಅದರ ದಪ್ಪಕ್ಕೆ ತಕ್ಕಂತೆ ವೀಸಲ್, ರಾಬಿಟ್ ಅಂತ ಕರೀತಾರೆ. ಅದರ ಮೇಲೆ ಕಾಗೆ ಕೂರುತ್ತೆ, ತೆಂಗಿನ ಗರಿ ಬೀಳುತ್ತೆ, ಹರಿದಾಗ ಕಂಬ ಹತ್ತಿ ಗಂಟು ಹಾಕ್ತಾರೆ. ಆಮೇಲೆ ಟಿಸಿ. ಟಿಸಿಯಿಂದ ಕಂಬಕ್ಕೆ, ಕಂಬದಿಂದ ಸರ್ವಿಸ್ ವೈರು, ಮೀಟರು, ಫ್ಯೂಸು, ಗೋಡೆಯೊಳಗಿನ ವೈರಿಂಗು. ಅದೇ ಟಿಸಿಯ ಮೇಲೆ ಪಕ್ಕದ ಹಿಟ್ಟಿನ ಗಿರಣಿ, ಅತ್ತ ಕಡೆ ಬೋರ್‌ವೆಲ್ ಮೋಟರು.

ಇಷ್ಟು ದೂರ ಹೀಗೆ ಬಂದ ಕರೆಂಟನ್ನು ಕೊನೆಯ 5 ಅಡಿ ವೈರು ಶುದ್ಧ ಮಾಡುತ್ತಂತೆ! ಕೆರೆಯಿಂದ ಊರತನಕ ತುಕ್ಕು ಹಿಡಿದ ಪೈಪಲ್ಲಿ ನೀರು ತಂದು, ನಲ್ಲಿಯ ಮೂತಿಗೆ ಬೆಳ್ಳಿ ಬಳೆ ಹಾಕಿದ ಹಾಗಾಯಿತು. ಅಷ್ಟೇ ಅಲ್ಲ, ಆಂಪ್ಲಿಫೈಯರ್ ಆ ಕರೆಂಟನ್ನು ಹಾಗೇ ಉಪಯೋಗಿಸೋದೂ ಇಲ್ಲ. ಒಳಗೆ ಟ್ರಾನ್ಸ್‌ಫಾರ್ಮರ್ ಇದೆ, ಎಸಿಯನ್ನು ಡಿಸಿ ಮಾಡೋ ಡಯೋಡ್‌ಗಳಿವೆ, ಏರಿಳಿತ ತಡೆಯೋ ದೊಡ್ಡ ಕೆಪಾಸಿಟರ್‌ಗಳಿವೆ. ಶುದ್ಧ ಮಾಡೋ ಕೆಲಸ ಅವುಗಳದ್ದು. ಅವು ಸರಿ ಇಲ್ಲದಿದ್ದರೆ ಹೊರಗಿನ ವೈರು ಏನೂ ಮಾಡಲ್ಲ, ಸರಿ ಇದ್ದರೆ ಏನೂ ಮಾಡಬೇಕಾಗಿಲ್ಲ.

ಇನ್ನು ಸ್ಪೀಕರ್ ವೈರು. ಇದರಲ್ಲಿ ಸ್ವಲ್ಪ ಹುರುಳಿದೆ, ಅದಕ್ಕೇ ಮೋಸ ಮಾಡೋದೂ ಸುಲಭ. ವೈರು ತೆಳ್ಳಗಿದ್ದು ಉದ್ದ ಜಾಸ್ತಿಯಾದರೆ ಶಕ್ತಿ ದಾರಿಯಲ್ಲೇ ಖರ್ಚಾಗುತ್ತೆ. ಬೋರ್‌ವೆಲ್ ಇರೋ ಯಾವ ರೈತನಿಗೂ ಇದನ್ನ ಕಲಿಸಬೇಕಾಗಿಲ್ಲ. 200 ಅಡಿಗೆ ಬಿಟ್ಟ ಮೋಟರಿಗೆ ಒಂದು ದಪ್ಪದ ಕೇಬಲ್ ಸಾಕು, 800 ಅಡಿಗೆ ಬಿಟ್ಟರೆ ಅದಕ್ಕಿಂತ ದಪ್ಪದ್ದು ಬೇಕು. ಇಲ್ಲದಿದ್ದರೆ ವೋಲ್ಟೇಜ್ ಇಳಿದು ಮೋಟರು ಗೊಣಗುತ್ತೆ, ಕೊನೆಗೆ ಸುಡುತ್ತೆ. ಆದರೆ ಕೇಬಲ್ ತರುವಾಗ ನೀವು ಏನು ಕೇಳ್ತೀರಿ? ಎಷ್ಟು ಎಂಎಂ, ತಾಮ್ರವೋ ಅಲ್ಯೂಮಿನಿಯಮ್ಮೋ, ಎಷ್ಟು ಮೀಟರ್. "ಈ ಕೇಬಲ್ ಹಾಕಿದರೆ ನೀರು ಸಿಹಿಯಾಗಿ ಬರುತ್ತಾ" ಅಂತ ಯಾರೂ ಕೇಳಲ್ಲ. ಸ್ಪೀಕರಿಗೂ ಅದೇ ಲೆಕ್ಕ.

ಲೆಕ್ಕ ಹಾಕಿಯೇ ತೋರಿಸ್ತೀನಿ. 2.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಿಗೆ ಒಂದು ಕಿಲೋಮೀಟರಿಗೆ ಸುಮಾರು 7.4 ಓಮ್ ತಡೆ ಇರುತ್ತೆ. ಆಂಪ್ಲಿಫೈಯರಿಂದ ಸ್ಪೀಕರಿಗೆ 20 ಮೀಟರ್ ಅಂದರೆ ಹೋಗಿ ಬರೋದು 40 ಮೀಟರ್. ತಡೆ 0.3 ಓಮ್. ಸ್ಪೀಕರಿನದೇ ತಡೆ 8 ಓಮ್. ಇದರಿಂದ ಸೌಂಡು ಇಳಿಯೋದು ಸುಮಾರು 0.3 ಡೆಸಿಬಲ್. ನಾಟಕದ ಕೊಟ್ಟಿಗೆಯ ಮುಂದೆ ಕೂತೋರಿಗೆ ಅದು ಗೊತ್ತೇ ಆಗಲ್ಲ, ಪಕ್ಕದವರು ಕಡಲೆಕಾಯಿ ಸುಲಿಯೋ ಸದ್ದೇ ಜಾಸ್ತಿ. ಇದನ್ನು ಬಿಟ್ಟು ಮನೆಯ ಬಲ್ಬಿಗೆ ಹಾಕೋ 0.5 ಚದರ ಮಿಲಿಮೀಟರಿನ ಎಳೆ ವೈರು ಹಾಕಿದಿರಿ ಅನ್ನಿ, ಅಷ್ಟೇ ದೂರಕ್ಕೆ ಸ್ಪೀಕರಿಗೆ ಸೇರೋ ಪವರ್ 30 ಪರ್ಸೆಂಟಿನ ಹತ್ತಿರ ಕಡಿಮೆಯಾಗುತ್ತೆ. ಅಂದರೆ ದಪ್ಪಕ್ಕೆ ದುಡ್ಡು ಕೊಡಿ, ನ್ಯಾಯ. 2.5ರ ಎರಡೆಳೆ ತಾಮ್ರದ ವೈರು ಮೀಟರಿಗೆ 100 ರೂಪಾಯಿ ಆಸುಪಾಸಿನಲ್ಲಿ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತೆ. ಅಲ್ಲಿಂದ ಮುಂದೆ ಕೊಡೋ ಒಂದೊಂದು ರೂಪಾಯಿಯೂ ಹೊದಿಕೆಗೆ, ಡಬ್ಬಿಗೆ, ಹೆಸರಿಗೆ.

ಜಾತ್ರೆಯಲ್ಲಿ ಕಂಬಕ್ಕೆ ಕಟ್ಟೋ ತುತ್ತೂರಿ ಸ್ಪೀಕರಿಗೆ ಅರ್ಧ ಕಿಲೋಮೀಟರ್ ತನಕ ತೆಳು ವೈರು ಎಳೆದರೂ ಹೇಗೆ ಕೂಗುತ್ತೆ ಅಂತ ನಿಮಗೆ ಅನುಮಾನ ಬಂದಿರಬಹುದು. ಅದು 100 ವೋಲ್ಟ್ ಲೈನು. ಆಂಪ್ಲಿಫೈಯರಲ್ಲಿ ವೋಲ್ಟೇಜ್ ಏರಿಸಿ ಕಳಿಸ್ತಾರೆ, ಸ್ಪೀಕರಿನ ಹತ್ತಿರ ಪುಟ್ಟ ಟ್ರಾನ್ಸ್‌ಫಾರ್ಮರ್ ಅದನ್ನ ಇಳಿಸುತ್ತೆ. 100 ವ್ಯಾಟಿನ ಸೌಂಡು 8 ಓಮಿನ ಸ್ಪೀಕರಿಗೆ ನೇರ ಹೋದರೆ 3.5 ಆಂಪಿಯರ್ ಕರೆಂಟು ಹರಿಯುತ್ತೆ, 100 ವೋಲ್ಟಲ್ಲಿ ಹೋದರೆ 1 ಆಂಪಿಯರ್ ಸಾಕು. ವೈರಿನಲ್ಲಿ ಆಗೋ ನಷ್ಟ 12 ಪಟ್ಟು ಕಡಿಮೆ. ಹೈಟೆನ್ಷನ್ ಲೈನಿನದೂ ಇದೇ ಉಪಾಯ. ದೂರದ ತೊಂದರೆಗೆ ಇಂಜಿನಿಯರುಗಳು ಕಂಡುಕೊಂಡ ದಾರಿ ಇದು, ಚಿನ್ನದ ವೈರಲ್ಲ.

ಚಿನ್ನ ಅಂದೆನಲ್ಲ, ಅದನ್ನೂ ಮುಗಿಸಿಬಿಡೋಣ. ಚಿನ್ನ ತಾಮ್ರಕ್ಕಿಂತ ಚೆನ್ನಾಗಿ ಕರೆಂಟ್ ಹರಿಸುತ್ತೆ ಅಂತ ಬಹಳ ಜನ ನಂಬಿದ್ದಾರೆ. ಉಲ್ಟಾ. ಎಲ್ಲಕ್ಕಿಂತ ಮೇಲೆ ಬೆಳ್ಳಿ, ಅದರ ಹಿಂದೆಯೇ ತಾಮ್ರ, ಚಿನ್ನ ಅವೆರಡಕ್ಕಿಂತ ಕೆಳಗೆ. ಚಿನ್ನದ ಗುಣ ಒಂದೇ, ಕಿಲುಬು ಹಿಡಿಯಲ್ಲ. ಪದೇ ಪದೇ ತೆಗೆದು ಹಾಕೋ ಪಿನ್ನಿಗೆ ತೆಳ್ಳಗೆ ಲೇಪಿಸಿದರೆ ಒಳ್ಳೇದೇ, ಆದರೆ ಆ ಲೇಪನದಲ್ಲಿರೋ ಚಿನ್ನ ಎಷ್ಟಪ್ಪಾ ಅಂದರೆ ಕೆಲವೇ ರೂಪಾಯಿ ಬಾಳೋದು. ಇನ್ನು "ಆಕ್ಸಿಜನ್ ಫ್ರೀ ಕಾಪರ್". ಹೆಸರು ಕೇಳಿದರೆ ಆಸ್ಪತ್ರೆ ನೆನಪಾಗುತ್ತೆ! ವಿಷಯ ಇಷ್ಟೇ: ಮಾಮೂಲಿ ಕರೆಂಟ್ ವೈರಿನ ತಾಮ್ರವೇ 99.9 ಪರ್ಸೆಂಟ್ ಶುದ್ಧ. ಆಕ್ಸಿಜನ್ ತೆಗೆದ ತಾಮ್ರ ಅದಕ್ಕಿಂತ ಕರೆಂಟ್ ಹರಿಸೋದರಲ್ಲಿ 1 ಪರ್ಸೆಂಟಿನಷ್ಟು ಮುಂದೆ. ಆ 1 ಪರ್ಸೆಂಟ್ ಬೇಕೇ ಬೇಕು ಅಂದರೆ ಮಾಮೂಲಿ ವೈರನ್ನೇ ಒಂದು ನೂಲು ದಪ್ಪದ್ದು ತಗೊಳ್ಳಿ.

ಟಿವಿ ಅಂಗಡಿಯಲ್ಲಿ ಎಚ್‌ಡಿಎಂಐ ಕೇಬಲ್ ಮಾರೋರ ಮಾತು ಇದಕ್ಕಿಂತ ಒಂದು ಕೈ ಮೇಲು. "ಈ 4,000ದ ಕೇಬಲ್ ಹಾಕಿ ಸಾರ್, ಬಣ್ಣ ಎದ್ದು ಕಾಣುತ್ತೆ, ಸೌಂಡ್ ಥಿಯೇಟರ್ ಥರ." ಈ ಕೇಬಲ್ಲಲ್ಲಿ ಹೋಗೋದು ಬಣ್ಣವೂ ಅಲ್ಲ, ಸೌಂಡೂ ಅಲ್ಲ. ಬರೀ ಸೊನ್ನೆ ಮತ್ತು ಒಂದು. ನೀವು ಮಗಳಿಗೆ ಫೋನ್‌ಪೇಯಲ್ಲಿ 500 ಕಳಿಸ್ತೀರಿ. ಟವರ್ ಚೆನ್ನಾಗಿದ್ದರೆ 510 ಹೋಗುತ್ತಾ? ಟವರ್ ಸುಮಾರಾಗಿದ್ದರೆ 490 ಹೋಗುತ್ತಾ? ಹೋದರೆ 500, ಇಲ್ಲದಿದ್ದರೆ ಗಿರಗಿರ ಸುತ್ತುತ್ತಾ ನಿಲ್ಲುತ್ತೆ. ಎಚ್‌ಡಿಎಂಐ ಕೂಡ ಹಾಗೇ. ಕೇಬಲ್ ಕೆಟ್ಟಿದ್ದರೆ ಪರದೆ ಮೇಲೆ ಚುಕ್ಕಿ ಮಿನುಗುತ್ತೆ, ಸೌಂಡು ಕಡಿದು ಕಡಿದು ಬರುತ್ತೆ, ಅಥವಾ ಏನೂ ಬರಲ್ಲ. ಸರಿ ಇದ್ದರೆ ಪೂರ್ತಿ ಬರುತ್ತೆ. "ಇನ್ನೂ ಚೆನ್ನಾಗಿ" ಬರೋದು ಅಂತ ಒಂದಿಲ್ಲ. ಸಭಾಂಗಣದ ಆ ಕಡೆಯಿಂದ ಈ ಕಡೆಗೆ 15 ಮೀಟರ್ ಎಳೀತೀರಾದರೆ ಕೇಬಲ್ ನೋಡಿ ತಗೊಳ್ಳಬೇಕು, ನಿಜ. ಟಿವಿಯಿಂದ ಸೆಟ್‌ಟಾಪ್ ಬಾಕ್ಸಿಗೆ 3 ಅಡಿಗಾದರೆ 200-300 ರೂಪಾಯಿಯದು ಧಾರಾಳ.

"ಲೆಕ್ಕ ಬಿಡಿ ಸ್ವಾಮಿ, ಕಿವಿ ಇದೆಯಲ್ಲ, ಕೇಳಿ ನೋಡಿ" ಅಂತಾರೆ ಅಂಗಡಿಯವರು. ಒಪ್ಪಿದೆ. ಕೇಳೋಣ. ಆದರೆ ಯಾವ ಕೇಬಲ್ ಅಂತ ನೋಡದೆ ಕೇಳೋಣ. ಇಷ್ಟು ಹೇಳಿದ ತಕ್ಷಣ ಇಡೀ ವ್ಯಾಪಾರವೇ ಗಲಿಬಿಲಿಯಾಗುತ್ತೆ.

ಅಮೆರಿಕದಲ್ಲಿ ಜೇಮ್ಸ್ ರಾಂಡಿ ಅಂತ ಒಬ್ಬ ಜಾದೂಗಾರ ಇದ್ದ. ಪವಾಡ ಮಾಡ್ತೀನಿ ಅನ್ನೋರ ಬಣ್ಣ ಬಯಲು ಮಾಡೋದೇ ಅವನ ಕೆಲಸ. ನಮ್ಮಲ್ಲಿ ಎಚ್. ನರಸಿಂಹಯ್ಯನವರು ಪವಾಡಗಳ ಬೆನ್ನು ಹತ್ತಿದ್ದು ನೆನಪಿದ್ದರೆ ಆ ಜಾತಿಯ ಮನುಷ್ಯ ಅಂದುಕೊಳ್ಳಿ. ಪವಾಡ ಸಾಬೀತು ಮಾಡಿದವರಿಗೆ 10 ಲಕ್ಷ ಡಾಲರ್ ಬಹುಮಾನ ಇಟ್ಟಿದ್ದ, ಆಗಿನ ಲೆಕ್ಕದಲ್ಲಿ 4 ಕೋಟಿ ರೂಪಾಯಿ ಹತ್ತಿರ. 2007ರಲ್ಲಿ ಪಿಯರ್ ಅನ್ನೋ ಕಂಪನಿಯ ಸ್ಪೀಕರ್ ಕೇಬಲ್ ಅವನ ಕಣ್ಣಿಗೆ ಬಿತ್ತು. ಬೆಲೆ 7,250 ಡಾಲರ್, ಅಂದರೆ 3 ಲಕ್ಷ ರೂಪಾಯಿ ಆಸುಪಾಸು! ಇದಕ್ಕೂ ಮಾಮೂಲಿ ಒಳ್ಳೇ ಕೇಬಲ್‌ಗೂ ವ್ಯತ್ಯಾಸವನ್ನು ನೋಡದೆ ಬರೀ ಕೇಳಿ ಹೇಳಿದರೆ ಆ 10 ಲಕ್ಷ ಡಾಲರ್ ಕೊಡ್ತೀನಿ ಅಂದ. ಮೈಕಲ್ ಫ್ರೆಮರ್ ಅನ್ನೋ ಹೆಸರಾಂತ ಆಡಿಯೋ ವಿಮರ್ಶಕ ನಾನು ಬರ್ತೀನಿ ಅಂತ ಮುಂದೆಯೂ ಬಂದ. ಕೊನೆಗೆ ಕೇಬಲ್ ಕಂಪನಿಯೇ ಹಿಂದೆ ಸರಿಯಿತು, ಪರೀಕ್ಷೆ ನಡೆಯಲೇ ಇಲ್ಲ. ಯಾಕೆ ನಡೆಯಲಿಲ್ಲ ಅನ್ನೋದಕ್ಕೆ ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಹೇಳಿಕೊಂಡರು, ಅದು ಬೇರೆ ಮಾತು. ನನ್ನ ಪ್ರಶ್ನೆ ಸರಳ. ನಿಮ್ಮ ಸರಕಿನ ಮೇಲೆ ನಿಮಗೆ ನಂಬಿಕೆ ಇದ್ದು, ಎದುರಿಗೆ ಒಬ್ಬ 4 ಕೋಟಿ ಹಿಡಿದು ನಿಂತಿದ್ದರೆ, ನೀವು ಕೇಬಲ್ ವಾಪಸ್ ತಗೊಂಡು ಮನೆಗೆ ಹೋಗ್ತೀರಾ?

2015ರಲ್ಲಿ ಲಾಸ್ ವೇಗಸ್‌ನಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಆರ್ಸ್ ಟೆಕ್ನಿಕಾ ಅನ್ನೋ ಪತ್ರಿಕೆಯವರು ರಾಂಡಿಯ ಸಂಸ್ಥೆಯವರ ಜೊತೆ ಸೇರಿ ಮಾಡಿದ್ದು. ಈ ಸಲ ನೆಟ್‌ವರ್ಕ್ ಕೇಬಲ್, ಕಂಪ್ಯೂಟರಿಗೆ ಇಂಟರ್ನೆಟ್ ತರೋ ಅದೇ ವೈರು. "ಸಂಗೀತಕ್ಕೆಂದೇ ಮಾಡಿದ್ದು" ಅಂತ ಅದಕ್ಕೆ 340 ಡಾಲರ್, 20 ಸಾವಿರ ರೂಪಾಯಿಗೂ ಹೆಚ್ಚು. ಬಂದವರಿಗೆ ಯಾವ ಕೇಬಲ್ ಅಂತ ಹೇಳದೆ ಅದನ್ನೊಮ್ಮೆ, ಅಗ್ಗದ್ದನ್ನೊಮ್ಮೆ ಹಾಕಿ ಕೇಳಿಸಿದರು. ಯಾರಿಗೂ ವ್ಯತ್ಯಾಸ ಹಿಡಿಯೋದಕ್ಕೆ ಆಗಲಿಲ್ಲ.

ಹಾಗಾದರೆ ದುಬಾರಿ ಕೇಬಲ್ ಹಾಕಿಸಿಕೊಂಡ ನಿಮ್ಮ ಷಡ್ಡಕ "ಆಹಾ, ತಬಲಾ ಈಗ ಎಷ್ಟು ಬಿಡಿಬಿಡಿಯಾಗಿ ಕೇಳ್ತಿದೆ" ಅಂದಿದ್ದು ಸುಳ್ಳೇ? ಸುಳ್ಳಲ್ಲ. ಅವರಿಗೆ ನಿಜವಾಗಿಯೂ ಹಾಗೇ ಕೇಳಿಸಿರುತ್ತೆ. ಅದೇ ಹಾಡನ್ನು ಎರಡನೇ ಸಲ ಕೇಳುವಾಗ ಮೊದಲ ಸಲ ಗಮನಿಸದ ತಬಲಾ ಎರಡನೇ ಸಲ ಕಿವಿಗೆ ಬೀಳುತ್ತೆ, ಕೇಬಲ್ ಬದಲಿಸಿದರೂ ಅಷ್ಟೇ, ಬದಲಿಸದಿದ್ದರೂ ಅಷ್ಟೇ. 18,000 ಕೊಟ್ಟ ಮೇಲೆ ಚೆನ್ನಾಗಿ ಕೇಳಿಸಲೇಬೇಕು ಅಂತ ಮನಸ್ಸೂ ಹಟ ಹಿಡಿಯುತ್ತೆ. ಅಂಗಡಿಯಲ್ಲಿ ಇನ್ನೊಂದು ಕೈಚಳಕ ಇದೆ: ಎರಡನೇ ಸಲ ವಾಲ್ಯೂಮ್ ಒಂದು ಎಳೆ ಜಾಸ್ತಿ ಇಟ್ಟರೆ ಸಾಕು. ಜೋರು ಅಂತ ಗೊತ್ತಾಗಲ್ಲ, "ಚೆನ್ನಾಗಿದೆ" ಅಂತ ಅನ್ನಿಸುತ್ತೆ. ಕೇಬಲ್ ಮಾತ್ರ ಅಲ್ಲ, ಸ್ಪೀಕರ್ ತಗೊಳ್ಳುವಾಗಲೂ ಇದನ್ನು ನೆನಪಿಡಿ.

ಪರೀಕ್ಷೆ ಮಾಡೋದು ಕಷ್ಟವೇನಲ್ಲ. ಆಂಪ್ಲಿಫೈಯರ್ ಮೇಲೆ ಒಂದು ಪಂಚೆ ಹೊದಿಸಿ. ಒಬ್ಬ ಒಳಗೆ ಕೂತು ನಾಣ್ಯ ಚಿಮ್ಮಲಿ. ತಲೆ ಬಿದ್ದರೆ ದುಬಾರಿ ಕೇಬಲ್, ಹೂ ಬಿದ್ದರೆ ಸಾಮಾನ್ಯ ಕೇಬಲ್. ವಾಲ್ಯೂಮ್ ಮುಟ್ಟಬಾರದು. ಕೇಳೋನು ಹೊರಗೆ ಕೂತು ಯಾವುದು ಅಂತ ಚೀಟಿಯಲ್ಲಿ ಬರೀಲಿ. ಬದಲಿಸುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬಾರದು, ಮುಖವೇ ಹೇಳಿಬಿಡುತ್ತೆ. ಹೀಗೆ 10 ಸಲ. ಬರೀ ಊಹೆಯಲ್ಲಿ ಹೇಳಿದರೂ 5 ಸರಿ ಆಗುತ್ತೆ, ಅದು ದೊಡ್ಡಸ್ತಿಕೆ ಅಲ್ಲ. 9 ಅಥವಾ 10 ಸರಿ ಬಂದರೆ ಮಾತ್ರ ಲೆಕ್ಕ, ಯಾಕಂದರೆ ಅದೃಷ್ಟದಿಂದ ಅಷ್ಟು ಸರಿ ಬರೋದು 100ಕ್ಕೆ ಒಂದು ಸಲದಷ್ಟು ಅಪರೂಪ. 7 ಸರಿ ಬಂತು ಅಂತ ಕುಣಿಯೋರಿಗೆ ಇನ್ನೊಂದು 10 ಸಲ ಮಾಡಿಸಿ.

ಇದಕ್ಕೆ ಮಾರೋರ ಹತ್ತಿರ ಉತ್ತರಗಳು ಸಿದ್ಧ ಇರುತ್ತವೆ. "ಹೊಸ ಕೇಬಲ್ ಪಳಗಬೇಕು, 200 ಗಂಟೆ ಹಾಡು ಹಾಕಿ ಆಮೇಲೆ ನೋಡಿ." ತಾಮ್ರ ಏನು ಹೊಸ ಎತ್ತೇ ನೊಗಕ್ಕೆ ಪಳಗಿಸಲು? 200 ಗಂಟೆ ಆಗೋಷ್ಟರಲ್ಲಿ ವಾಪಸ್ ಕೊಡೋ ಅವಧಿ ಮುಗಿದಿರುತ್ತೆ, ನಿಮ್ಮ ಕಿವಿಯೂ ಹೊಂದಿಕೊಂಡಿರುತ್ತೆ. "ಕೇಬಲ್ ಮೇಲೆ ಬಾಣದ ಗುರುತಿದೆ, ಉಲ್ಟಾ ಹಾಕಿದರೆ ಸೌಂಡ್ ಕೆಡುತ್ತೆ." ಸೌಂಡಿನ ಕರೆಂಟು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಆ ಕಡೆ ಈ ಕಡೆ ಓಡಾಡುತ್ತೆ, ಗರಗಸದ ಹಾಗೆ. ಅದಕ್ಕೆ ಒನ್ ವೇ ಎಲ್ಲಿಂದ ಬಂತು? (ಕೆಲವು ಕೇಬಲ್ಲಿನಲ್ಲಿ ಮೇಲಿನ ಜಾಲರಿಯನ್ನು ಒಂದೇ ತುದಿಗೆ ಜೋಡಿಸಿರ್ತಾರೆ, ಅದನ್ನು ತೋರಿಸೋ ಬಾಣಕ್ಕೆ ಅರ್ಥ ಇದೆ. ತಾಮ್ರಕ್ಕೇ ದಿಕ್ಕಿದೆ ಅನ್ನೋದು ಬುರುಡೆ.) ಕೇಬಲ್ ನೆಲಕ್ಕೆ ತಾಗಬಾರದು ಅಂತ ಕೆಳಗೆ ಇಡೋ ಪಿಂಗಾಣಿ ಕಾಲುಗಳನ್ನೂ ಮಾರ್ತಾರೆ. ಕರೆಂಟ್ ಕಂಬದ ಪಿಂಗಾಣಿ ನೋಡಿ ಹೊಳೆದಿರಬೇಕು.

ಕೊನೆಯ ಬಾಣ ಮಾತ್ರ ಚುಚ್ಚುತ್ತೆ: "ನಿಮ್ಮ ಕಿವಿಗೆ ಅಷ್ಟು ಸಂಸ್ಕಾರ ಇಲ್ಲ ಬಿಡಿ." ಹಳ್ಳಿಯವರ ಹತ್ತಿರ ಇದು ಬೇಗ ಕೆಲಸ ಮಾಡುತ್ತೆ. ನಮಗೆ ಗೊತ್ತಾಗಲ್ಲವೇನೋ ಅನ್ನೋ ಅಳುಕಿನಲ್ಲೇ ದುಡ್ಡು ಎಣಿಸಿಬಿಡ್ತೀವಿ. ಹಾರ್ಮೋನಿಯಂ ಮೇಷ್ಟ್ರು ಹಿಮ್ಮೇಳದ ಗಲಾಟೆಯ ಮಧ್ಯೆ ಕರ್ಣನ ಪಾತ್ರಧಾರಿ ಅರ್ಧ ಸ್ವರ ಜಾರಿದ್ದನ್ನು ಹಿಡೀತಾರೆ. ಆ ಕಿವಿಗೆ ಸಂಸ್ಕಾರ ಇಲ್ಲವಾ? 1950, 60, 70ರ ದಶಕದ ಕನ್ನಡ ಸಿನಿಮಾ ಹಾಡುಗಳು ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲಿ ರೆಕಾರ್ಡ್ ಆದವು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಹಾಡಿದ ಮೈಕಿನಿಂದ ಹೋದದ್ದು ಮಾಮೂಲಿ ತಾಮ್ರದ ವೈರು. ಮಲ್ಲಿಕಾರ್ಜುನ ಮನ್ಸೂರರ ದನಿ ಧಾರವಾಡ ಆಕಾಶವಾಣಿಯಿಂದ ಮನೆಮನೆಗೆ ಬಂದಿದ್ದೂ ಹಾಗೇ. "ವಿಶೇಷ" ಸ್ಪೀಕರ್ ಕೇಬಲ್ ಅನ್ನೋ ವ್ಯಾಪಾರ ಅಮೆರಿಕದಲ್ಲಿ ಜೋರಾಗಿದ್ದೇ 1970ರ ದಶಕದ ಕೊನೆಗೆ, ನೋಯಲ್ ಲೀ ಅನ್ನೋರ ಮಾನ್‌ಸ್ಟರ್ ಕೇಬಲ್ ಬಂದ ಮೇಲೆ. ಹಾಡು ಹುಟ್ಟಿದ್ದೇ ಮಾಮೂಲಿ ವೈರಿನಲ್ಲಿ. ನಿಮ್ಮ ಮನೆಯ ಕೊನೇ 5 ಅಡಿಗೆ ಬಂದಾಗ ಅದಕ್ಕೆ ಇಲ್ಲದ ಜೀವ ಎಲ್ಲಿಂದ ಬರಬೇಕು?

ವೈರು ಯಾವುದಾದರೂ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಕೆಟ್ಟ ವೈರಿನಿಂದ ನಾಟಕವೇ ಹಾಳಾಗಿದ್ದು ಎಷ್ಟೋ ಸಲ. ಅಗ್ಗಕ್ಕೆ ಸಿಗೋ "ಕಾಪರ್ ವೈರು" ಎಷ್ಟೋ ಸಲ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪನ. ತುದಿಯನ್ನು ಬ್ಲೇಡಿನಲ್ಲಿ ಕೆರೆದರೆ ಬೆಳ್ಳಗೆ ಕಾಣುತ್ತೆ. (ತವರ ಲೇಪಿಸಿದ ತಾಮ್ರವೂ ಮೇಲೆ ಬೆಳ್ಳಗಿರುತ್ತೆ, ಕೆರೆದಾಗ ಒಳಗೆ ಕೆಂಪು ಕಂಡರೆ ಸರಿ.) ಅಲ್ಯೂಮಿನಿಯಂ ಅದೇ ದಪ್ಪದ ತಾಮ್ರಕ್ಕಿಂತ ಕಡಿಮೆ ಕರೆಂಟ್ ಹರಿಸುತ್ತೆ, ಬಗ್ಗಿಸಿ ಬಗ್ಗಿಸಿ ಬೇಗ ಮುರಿಯುತ್ತೆ, ಬೆಸುಗೆ ಸರಿಯಾಗಿ ಹಿಡಿಯಲ್ಲ. ಮೋಸ ಇರೋದು ದುಬಾರಿ ಕಡೆ ಮಾತ್ರ ಅಲ್ಲ.

ಮೈಕಿನ ಕೇಬಲ್ಲಿನ ವಿಷಯದಲ್ಲಂತೂ ಕೈ ಬಿಗಿ ಹಿಡಿಯಬೇಡಿ. ಮೈಕಿನಿಂದ ಹೊರಡೋ ಸಿಗ್ನಲ್ ವೋಲ್ಟಿನ ಸಾವಿರದ ಒಂದೆರಡು ಪಾಲಿನಷ್ಟು ಸಣ್ಣದು. ಪಕ್ಕದಲ್ಲಿ ಲೈಟಿನ ವೈರು ಹೋಗಿದ್ದರೆ "ಗುಂಯ್" ಅಂತ ಸೇರಿಕೊಳ್ಳುತ್ತೆ. ಅದಕ್ಕೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಬೇಕು. ಅದರಲ್ಲಿ ಎರಡು ಎಳೆಗಳಲ್ಲಿ ಒಂದೇ ದನಿ ಒಂದಕ್ಕೊಂದು ತಿರುಗುಮುರುಗಾಗಿ ಹೋಗುತ್ತೆ. ದಾರಿಯಲ್ಲಿ ಸೇರೋ ಗಲೀಜು ಎರಡರಲ್ಲೂ ಒಂದೇ ಥರ ಸೇರುತ್ತೆ. ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆದಾಗ ಗಲೀಜು ಹೋಗಿ ದನಿ ಉಳಿಯುತ್ತೆ. ಎಂಥ ಜಾಣ ಲೆಕ್ಕ ನೋಡಿ! ಇದಕ್ಕೆ ಸಾವಿರಗಟ್ಟಲೆ ಬೇಡ, ಗಟ್ಟಿ ಜಾಲರಿ ಇರೋ ಕೇಬಲ್ಲು, ಒಳ್ಳೇ ಪಿನ್ನು, ಬೆಸುಗೆ ಹಾಕೋ ಕೈ ಸಾಕು.

ಗುಂಯ್ ಸದ್ದಿಗೆ ಇನ್ನೊಂದು ದೊಡ್ಡ ಕಾರಣ ಅರ್ಥಿಂಗ್. ಎಷ್ಟೋ ಸಮುದಾಯ ಭವನಗಳಲ್ಲಿ ಮೂರನೇ ಪಿನ್ನಿನ ತೂತು ಇರುತ್ತೆ, ಹಿಂದೆ ವೈರೇ ಇರಲ್ಲ. ಅಥವಾ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿ ಕಲ್ಲಾಗಿರುತ್ತೆ. ಗುಂಯ್ ಅಂತಿದೆ ಅಂತ ಕೆಲವರು ಅರ್ಥ್ ಪಿನ್ನನ್ನೇ ಕಿತ್ತುಹಾಕ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒದ್ದೆ ಕೈಯಲ್ಲಿ ಮೈಕ್ ಹಿಡಿದ ಪಾತ್ರಧಾರಿಯ ಜೀವ ಆ ಪಿನ್ನಿನ ಮೇಲಿದೆ. 18,000ದ ಪವರ್ ಕೇಬಲ್ ಬದಲು ಅದರ ಒಂದು ಪಾಲಿನಲ್ಲಿ ಎಲೆಕ್ಟ್ರಿಷಿಯನ್ ಕರೆಸಿ ಹೊಸ ಅರ್ಥ್ ಹಾಕಿಸಿ, ಸ್ವಿಚ್ ಬೋರ್ಡಿಗೆ ಆರ್‌ಸಿಸಿಬಿ ಕೂರಿಸಿ, ವೈರು ತರುವಾಗ ಐಎಸ್‌ಐ ಗುರುತು ನೋಡಿ. ಸೌಂಡೂ ಸರಿಹೋಗುತ್ತೆ, ಜೀವವೂ ಉಳಿಯುತ್ತೆ.

ಉಳಿದ ದುಡ್ಡು ಎಲ್ಲಿ ಹಾಕಬೇಕು ಅಂದರೆ ಸ್ಪೀಕರಿಗೆ ಹಾಕಿ. ಇಡೀ ಸರಪಳಿಯಲ್ಲಿ ಸೌಂಡನ್ನು ಹೆಚ್ಚು ಬದಲಿಸೋ ವಸ್ತು ಅದೇ. ಆಮೇಲೆ ಅದನ್ನ ಎಲ್ಲಿ ಇಡ್ತೀರಿ ಅನ್ನೋದು. ನೆಲದ ಮೇಲಿಟ್ಟರೆ ಮುಂದಿನ ಸಾಲಿನವರ ಹೊಟ್ಟೆಗೆ ಬಡಿಯುತ್ತೆ, ಹಿಂದಿನವರಿಗೆ ಮಾತು ತಿಳಿಯಲ್ಲ. ತಲೆಗಿಂತ ಮೇಲೆ ಸ್ಟ್ಯಾಂಡಿನಲ್ಲಿಟ್ಟು ಸ್ವಲ್ಪ ಕೆಳಗೆ ಬಾಗಿಸಿ. ಮೈಕಿನ ಹಿಂದೆ ಇಟ್ಟರೆ ಕುಯ್ಯೋ ಅಂತ ಕೂಗುತ್ತೆ, ಮೈಕಿಗಿಂತ ಮುಂದೆ ಇಡಿ. ಸಿಮೆಂಟ್ ಗೋಡೆ, ತಗಡಿನ ಚಾವಣಿಯ ಭವನದಲ್ಲಿ ಮಾತು ಕಲಸಿಹೋಗೋದು ಪ್ರತಿಧ್ವನಿಯಿಂದ. ಹಿಂದಿನ ಗೋಡೆಗೆ ದಪ್ಪ ಪರದೆಯನ್ನೋ ಹಳೇ ಜಮಖಾನೆಯನ್ನೋ ಇಳಿಬಿಟ್ಟು ನೋಡಿ. ನಾಟಕದ ಪರದೆಗಳು ಹೇಗೂ ಮಂಡಳಿಯಲ್ಲೇ ಇರ್ತವೆ.

ಮತ್ತೆ ಆ ಮೈಕಿನ ಹುಡುಗ. ಯಾವ ಪಾತ್ರ ಬಂದಾಗ ಯಾವ ಮೈಕ್ ಏರಿಸಬೇಕು, ಭೀಮ ಗದೆ ಎತ್ತಿ ಅಬ್ಬರಿಸೋ ಮುಂಚೆ ಎಷ್ಟು ಇಳಿಸಬೇಕು, ದ್ರೌಪದಿಯ ಮೆಲುದನಿಗೆ ಎಷ್ಟು ಕೊಡಬೇಕು ಅಂತ ಬೆಳಗಿನ ಜಾವದ ತನಕ ಕಣ್ಣು ಮುಚ್ಚದೆ ಕೂರೋನು ಅವನು. ಆ ರಾತ್ರಿಯ ಸೌಂಡು ಚೆನ್ನಾಗಿರೋದೂ ಕೆಡೋದೂ ಅವನ ಬೆರಳ ತುದಿಯಲ್ಲಿ. ಅವನಿಗೆ 500 ಮುರಿದು ವೈರಿಗೆ 18,000 ಕೊಡೋ ಮಂಡಳಿಗೆ ಏನು ಹೇಳೋಣ?

ನಮ್ಮ ಮಂಡಳಿಯ ಸಭೆಯಲ್ಲಿ ಕೊನೆಗೆ ನಡೆದದ್ದು ಇಷ್ಟು. ಹಿರಿಯರೊಬ್ಬರು ಅಂಗಡಿಗೇ ಫೋನ್ ಮಾಡಿ, "ಈ ಕೇಬಲ್ ಹಾಕಿದರೆ ಸೌಂಡು ಏನು ಸುಧಾರಿಸುತ್ತೆ ಅಂತ ಬಿಲ್ಲಿನ ಮೇಲೆ ಬರೆದು ಸೀಲು ಹಾಕಿ ಕೊಡಿ" ಅಂದರು. ಆ ಕಡೆಯಿಂದ ಮಾತು ನಿಂತಿತು. ಎರಡು ದಿನ ಬಿಟ್ಟು ಬಂದ ಹೊಸ ಕೊಟೇಷನ್ನಿನಲ್ಲಿ ಕೇಬಲ್ಲಿನ ಪಟ್ಟಿ 7,000ಕ್ಕೆ ಇಳಿದಿತ್ತು, ಪವರ್ ಕೇಬಲ್ "ಆಂಪ್ಲಿಫೈಯರ್ ಜೊತೆ ಉಚಿತ" ಅಂತ ಇತ್ತು.

ನೀವೂ ಇದೇ ಮಾಡಿ. ಬಾಯಲ್ಲಿ ಹೇಳಿದ್ದನ್ನು ಬಿಲ್ಲಿನಲ್ಲಿ ಬರೆಸಿ. ಬರೆದುಕೊಟ್ಟು ಆಮೇಲೆ ಹಾಗೆ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ದಾರಿ ತಪ್ಪಿಸೋ ಜಾಹೀರಾತಿಗೆ ತಯಾರಕರ ಮೇಲೆ 10 ಲಕ್ಷದ ತನಕ ದಂಡ ಹಾಕೋ ಅಧಿಕಾರ ಅದರಲ್ಲಿದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದ ತನಕದ ಖರೀದಿಗೆ ದೂರು ಕೊಡಲು ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ಮೊದಲು ವಿಚಾರಿಸೋದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕೊಟೇಷನ್, ಬಿಲ್ಲು, ಅಂಗಡಿಯವರು ಕಳಿಸಿದ ವಾಟ್ಸಾಪ್ ಮೆಸೇಜು, ಮೂರನ್ನೂ ಅಳಿಸದೆ ಇಟ್ಟುಕೊಂಡಿರಿ.